ನಾಲ್ಕು ಆಟಕ್ಕೆ ಒಂದು ಕಂಪ್ಯೂಟರ್

ಆನ್‌ಲೈನ್ ಆಟವೊಂದರ ಎರಡು, ನಾಲ್ಕು, ಕೆಲವೊಮ್ಮೆ ಹತ್ತು ಪ್ರತಿಗಳನ್ನು ಒಬ್ಬನೇ ಏಕಕಾಲಕ್ಕೆ ತೆರೆದು, ಬೇರೆ ಬೇರೆ ಖಾತೆಗಳಿಂದ ಆಡುವ ಪದ್ಧತಿಗೆ ಮಲ್ಟಿಬಾಕ್ಸಿಂಗ್ ಎಂದು ಹೆಸರು. ಸಾವಿರಾರು ಜನ ಒಂದೇ ಲೋಕದಲ್ಲಿ ಸೇರಿ ಆಡುವ ಆಟಗಳಲ್ಲಿ ಇದು ಬೆಳೆಯಿತು: 1999ರ ಎವರ್‌ಕ್ವೆಸ್ಟ್, 2003ರ ಈವ್ ಆನ್‌ಲೈನ್, 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಇಲ್ಲಿ ಒಬ್ಬ ಕಾದಾಡಿದರೆ ಇನ್ನೊಬ್ಬ ಅವನ ಗಾಯ ಮಾಗಿಸಬೇಕು. ಒಬ್ಬ ಗಣಿ ಅಗೆದರೆ ಅಗೆದದ್ದನ್ನು ಹೊತ್ತು ತರಲು ಮತ್ತೊಬ್ಬ ಬೇಕು. ಜೊತೆಗಾರರು ಸಿಗದ ಹೊತ್ತಿನಲ್ಲಿ ಅಷ್ಟೂ ಪಾತ್ರಗಳನ್ನು ಒಬ್ಬನೇ ವಹಿಸಿಕೊಳ್ಳುತ್ತಾನೆ. ಮೊದಲ ವರ್ಷಗಳಲ್ಲಿ ಒಂದು ಕಂಪ್ಯೂಟರಿಗೆ ಒಂದು ಪ್ರತಿಯನ್ನು ಓಡಿಸುವುದೇ ಭಾರವಾಗಿತ್ತು. ಹಾಗಾಗಿ ಮೇಜಿನ ಮೇಲೆ ನಾಲ್ಕೈದು ಯಂತ್ರಗಳನ್ನು ಸಾಲಾಗಿ ಇಟ್ಟು, ಒಂದು ಕೀಬೋರ್ಡಿನ ಒತ್ತು ಎಲ್ಲಕ್ಕೂ ತಲುಪುವಂತೆ ಉಪಕರಣ ಜೋಡಿಸುತ್ತಿದ್ದರು. ಒಂದೇ ಚಿಪ್ಪಿನಲ್ಲಿ ಹಲವು ಕೋರ್‌ಗಳು ಬಂದು ಮೆಮೊರಿ ಅಗ್ಗವಾದ ಮೇಲೆ ಆ ಇಡೀ ಸಾಲು ಒಂದೇ ಪೆಟ್ಟಿಗೆಯೊಳಗೆ ಸೇರಿತು.

ಮೊಬೈಲ್ ಆಟಗಳಲ್ಲೂ ಇದೇ ನಡೆಯುತ್ತಿದೆ. ಬ್ಲೂಸ್ಟ್ಯಾಕ್ಸ್, ಎಲ್‌ಡಿ ಪ್ಲೇಯರ್‌ನಂಥ ಎಮ್ಯುಲೇಟರ್‌ಗಳು ಕಂಪ್ಯೂಟರಿನೊಳಗೆ ಒಂದಕ್ಕಿಂತ ಹೆಚ್ಚು ಆಂಡ್ರಾಯ್ಡ್ ಫೋನುಗಳನ್ನು ಕಲ್ಪಿಸಿಕೊಡುತ್ತವೆ. ಯಂತ್ರದ ಮೇಲಿನ ಹೊರೆ ಇದರಲ್ಲಿ ಇನ್ನೂ ಹೆಚ್ಚು. ಆಟದ ಜೊತೆಗೆ ಪ್ರತಿ ಕಿಟಕಿಯೊಳಗೂ ಒಂದೊಂದು ಪೂರ್ತಿ ಆಂಡ್ರಾಯ್ಡ್ ಓಡುತ್ತಿರುತ್ತದೆ.

ಯಂತ್ರಕ್ಕೆ ಹಣ ಹಾಕುವ ಮೊದಲು ಆಟದ ನಿಯಮ ಓದಲೇಬೇಕು. ಈವ್ ಆನ್‌ಲೈನ್ ಹಲವು ಖಾತೆಗಳನ್ನು ಒಪ್ಪುತ್ತದೆ. ಆದರೆ ಒಂದು ಕೀ ಒತ್ತಿದರೆ ಎಲ್ಲ ಪ್ರತಿಗಳಲ್ಲೂ ಒತ್ತಿದಂತಾಗುವ ತಂತ್ರಾಂಶವನ್ನು 2015ರ ಜನವರಿ 1ರಿಂದ ಅಲ್ಲಿ ನಿಷೇಧಿಸಲಾಗಿದೆ. ವಾರ್‌ಕ್ರಾಫ್ಟಿನ ಒಡೆಯರಾದ ಬ್ಲಿಜರ್ಡ್ 2020ರ ನವೆಂಬರಿನಲ್ಲಿ ಇದೇ ಹಾದಿ ಹಿಡಿಯಿತು. ಕೆಲವು ಆಟಗಳು ಎರಡನೆಯ ಪ್ರತಿಯನ್ನೇ ತೆರೆಯಗೊಡುವುದಿಲ್ಲ. ಹಣವನ್ನು ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಭಾರತದಲ್ಲಿ 2025ರ ಆಗಸ್ಟಿನ ಕಾಯ್ದೆ ನಿಷೇಧಿಸಿದೆ. ಅವು ಈ ಲೇಖನದ ವ್ಯಾಪ್ತಿಯಲ್ಲಿಲ್ಲ.

ಇಂಥ ಯಂತ್ರವನ್ನು ಬೆಂಗಳೂರಿನಲ್ಲಿ ಕಟ್ಟುವುದಕ್ಕೂ ಕುಂದಾಪುರದಿಂದ ಪೂರ್ವಕ್ಕೆ, ಘಟ್ಟದ ಕಡೆಗಿರುವ ಶಂಕರನಾರಾಯಣದಂಥ ಊರಿನಲ್ಲಿ ಕಟ್ಟುವುದಕ್ಕೂ ವ್ಯತ್ಯಾಸವಿದೆ. ಚಿಪ್ಪುಗಳ ಲೆಕ್ಕ ಎರಡೂ ಕಡೆ ಒಂದೇ. ಕರೆಂಟು, ಸಿಡಿಲು, ತೇವದ ಲೆಕ್ಕ ಬೇರೆ. ಗೇಮಿಂಗ್ ಕಂಪ್ಯೂಟರ್ ಎಂದೊಡನೆ ಅಂಗಡಿಯ ಸಲಹೆ ಗ್ರಾಫಿಕ್ಸ್ ಕಾರ್ಡಿನಿಂದ ಶುರುವಾಗಿ ಬಹುಪಾಲು ಅಲ್ಲೇ ಮುಗಿಯುತ್ತದೆ. ಒಂದೇ ಆಟವನ್ನು ಗರಿಷ್ಠ ಅಂದದಲ್ಲಿ ಆಡುವವರಿಗೆ ಆ ಸಲಹೆ ಸರಿ. ಹಲವು ಪ್ರತಿಗಳ ಯಂತ್ರಕ್ಕೆ ಅದು ತಲೆಕೆಳಗಾದ ಕ್ರಮ. ಇಲ್ಲಿ ಮೊದಲು ಮೆಮೊರಿ, ಆಮೇಲೆ ಪ್ರೊಸೆಸರಿನ ಕೋರ್‌ಗಳು, ಅದರ ನಂತರ ಗ್ರಾಫಿಕ್ಸ್. ಕರಾವಳಿಯಲ್ಲಾದರೆ ಇವುಗಳ ಸಾಲಿಗೇ ವಿದ್ಯುತ್ ರಕ್ಷಣೆಯ ಖರ್ಚನ್ನೂ ಸೇರಿಸಿಕೊಳ್ಳಬೇಕು.

ಮೆಮೊರಿ ಮೊದಲು ಏಕೆ ಎಂಬುದು ಆಪರೇಟಿಂಗ್ ಸಿಸ್ಟಮ್ ನಡೆದುಕೊಳ್ಳುವ ಬಗೆಯಿಂದ ತಿಳಿಯುತ್ತದೆ. ಆಟದ ಎರಡನೆಯ ಪ್ರತಿ ತೆರೆದಾಗ ವಿಂಡೋಸ್ ಅದಕ್ಕೆ ಸಂಪೂರ್ಣ ಪ್ರತ್ಯೇಕ ಜಾಗ ಕೊಡುತ್ತದೆ. ಆಟದ ಕಾರ್ಯಕ್ರಮದ ಬದಲಾಗದ ಭಾಗವನ್ನು ಮಾತ್ರ ಎರಡೂ ಪ್ರತಿಗಳು ಹಂಚಿಕೊಳ್ಳುತ್ತವೆ, ಅದು ಗಾತ್ರದಲ್ಲಿ ಚಿಕ್ಕದು. ನಕ್ಷೆ, ಪಾತ್ರಗಳ ಆಕಾರ, ಧ್ವನಿ, ಸುತ್ತಲಿನ ಆಟಗಾರರ ವಿವರ, ಇವೆಲ್ಲ ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ತುಂಬಿಕೊಳ್ಳುತ್ತವೆ. ನಾಲ್ಕೂ ಪಾತ್ರಗಳು ಒಂದೇ ಮರದ ಬುಡದಲ್ಲಿ ನಿಂತಿದ್ದರೂ ಆ ಮರ ಮೆಮೊರಿಯಲ್ಲಿ ನಾಲ್ಕು ಸಲ ಇರುತ್ತದೆ. ಒಂದು ಪ್ರತಿ 3 ಜಿಬಿ ಬೇಡುವ ಆಟವಾದರೆ ನಾಲ್ಕಕ್ಕೆ 12 ಜಿಬಿ. ವಿಂಡೋಸ್, ಬ್ರೌಸರ್, ಮಾತಾಡುವ ಆ್ಯಪ್ ಇವುಗಳಿಗೆ ಇನ್ನೊಂದು ಐದು ಜಿಬಿ ಎಂದಿಟ್ಟುಕೊಂಡರೆ 16 ಜಿಬಿಯ ಯಂತ್ರ ಅಲ್ಲಿಗೇ ಕಟ್ಟಿಕೊಳ್ಳುತ್ತದೆ.

ಮೆಮೊರಿ ಸಾಲದಾದಾಗ ಯಂತ್ರ ತಕ್ಷಣ ನಿಲ್ಲುವುದಿಲ್ಲ. ಸದ್ಯಕ್ಕೆ ಬೇಡವೆನಿಸಿದ್ದನ್ನು ವಿಂಡೋಸ್ ಡಿಸ್ಕಿನ ಪೇಜ್ ಫೈಲಿಗೆ ಸರಿಸುತ್ತದೆ. ಡಿಸ್ಕು ಎಷ್ಟೇ ವೇಗದ್ದಾದರೂ ಮೆಮೊರಿಗೆ ಸಮವಲ್ಲ. ಆಟಗಾರ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹಾರಿದಾಗ ಚಿತ್ರ ಒಂದೆರಡು ಕ್ಷಣ ಕಲ್ಲಾಗುತ್ತದೆ, ಅಷ್ಟರಲ್ಲಿ ಕಾಳಗ ಸೋತಿರುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಳೆಯದಾಯಿತು ಎಂದು ಜನ ದೂರುವ ಎಷ್ಟೋ ಸಂದರ್ಭಗಳಲ್ಲಿ ನಿಜವಾದ ಕಾರಣ ಇದು.

ಎಷ್ಟು ಬೇಕೆಂಬುದನ್ನು ಊಹಿಸುವ ಅಗತ್ಯವಿಲ್ಲ, ಅಳೆಯಬಹುದು. ಈಗಿರುವ ಯಂತ್ರದಲ್ಲಿ ಆಟದ ಒಂದು ಪ್ರತಿ ತೆರೆದು, ಜನಸಂದಣಿಯ ಜಾಗಕ್ಕೆ ಹೋಗಿ, ಟಾಸ್ಕ್ ಮ್ಯಾನೇಜರಿನಲ್ಲಿ ಒಟ್ಟು ಮೆಮೊರಿ ಬಳಕೆ ಬರೆದುಕೊಳ್ಳಬೇಕು. ಎರಡನೆಯ ಪ್ರತಿಯನ್ನೂ ಅಲ್ಲಿಗೇ ಒಯ್ದು ಮತ್ತೆ ನೋಡಬೇಕು. ಎರಡರ ನಡುವಿನ ಅಂತರವೇ ಒಂದು ಪ್ರತಿಯ ಬೆಲೆ. ಅದನ್ನು ಬೇಕಾದ ಪ್ರತಿಗಳ ಸಂಖ್ಯೆಯಿಂದ ಗುಣಿಸಿ, ವಿಂಡೋಸ್ ಮತ್ತಿತರ ಬಳಕೆಯನ್ನು ಕೂಡಿಸಿ, ಮೇಲೆ ಕಾಲುಭಾಗ ಸೇರಿಸಿದರೆ ಸಾಕು. ಹೆಚ್ಚಿನವರಿಗೆ ನಾಲ್ಕು ಪ್ರತಿಗೆ 32 ಜಿಬಿ, ಎಂಟಕ್ಕೆ 64 ಜಿಬಿ ಎಂಬಲ್ಲಿ ಲೆಕ್ಕ ನಿಲ್ಲುತ್ತದೆ. ಒಂದೇ ದೊಡ್ಡ ರ್‍ಯಾಮ್ ಪಟ್ಟಿಗಿಂತ ಸಮನಾದ ಎರಡು ಪಟ್ಟಿಗಳು ಮೇಲು. ಆಗ ಪ್ರೊಸೆಸರಿಗೆ ಮೆಮೊರಿಯತ್ತ ಎರಡು ದಾರಿ ತೆರೆಯುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ್‍ಯಾಮ್ ಬೆಲೆ ಜಗತ್ತಿನಾದ್ಯಂತ ಏರಿತು, ಈ ಬಗೆಯ ಯಂತ್ರ ಕಟ್ಟುವವರಿಗೆ ಅದರ ಬಿಸಿ ನೇರವಾಗಿ ತಟ್ಟಿದೆ. ಆದರೂ ಉಳಿತಾಯ ಮಾಡಬೇಕಾದ ಜಾಗ ಇದಲ್ಲ.

ಪ್ರೊಸೆಸರಿನ ವಿಷಯ ಇನ್ನಷ್ಟು ಸೂಕ್ಷ್ಮ. ಹಳೆಯ ತಲೆಮಾರಿನ ಆನ್‌ಲೈನ್ ಆಟಗಳು ತಮ್ಮ ಮುಖ್ಯ ಲೆಕ್ಕಾಚಾರವನ್ನೆಲ್ಲ ಒಂದೇ ಎಳೆಯಲ್ಲಿ ಮಾಡುತ್ತವೆ. ಅಡುಗೆಮನೆಯಲ್ಲಿ ಹತ್ತು ಜನರಿದ್ದರೂ ಕಾವಲಿ ಒಂದೇ ಆದರೆ ದೋಸೆ ಒಂದೊಂದಾಗಿಯೇ ಬರುವ ಹಾಗೆ, 16 ಕೋರ್‌ಗಳ ಪ್ರೊಸೆಸರಿನಲ್ಲೂ ಅಂಥ ಆಟದ ಒಂದು ಪ್ರತಿ ಹೆಚ್ಚುಕಡಿಮೆ ಒಂದೇ ಕೋರಿನ ವೇಗದಲ್ಲಿ ನಡೆಯುತ್ತದೆ. ಒಂದು ಆಟ ಆಡುವವರಿಗೆ ಇದು ಕೊರತೆ. ಹಲವು ಪ್ರತಿ ಆಡುವವರಿಗೆ ಇದೇ ಅನುಕೂಲ: ನಾಲ್ಕು ಪ್ರತಿಗೆ ನಾಲ್ಕು ಕೋರ್, ವಿಂಡೋಸ್ ಮತ್ತಿತರ ಕೆಲಸಕ್ಕೆ ಇನ್ನೆರಡು. ಆದ್ದರಿಂದ 6 ಕೋರ್‌ಗಳ ಪ್ರೊಸೆಸರ್ ನಾಲ್ಕು ಪ್ರತಿಗಳನ್ನು ತಡೆದುಕೊಳ್ಳುತ್ತದೆ. ಎಂಟು ಪ್ರತಿಗೆ 8ರಿಂದ 12 ಕೋರ್ ಬೇಕಾಗುತ್ತದೆ. ಪ್ರತಿಗಳು ಒಂದರ ಕೋರಿನ ಮೇಲೆ ಇನ್ನೊಂದು ಬೀಳದಂತೆ ಯಾವ ಪ್ರತಿ ಯಾವ ಕೋರಿನಲ್ಲಿ ಓಡಬೇಕೆಂದು ಟಾಸ್ಕ್ ಮ್ಯಾನೇಜರಿನಲ್ಲೇ ಗೊತ್ತುಮಾಡಬಹುದು.

ಸಾಮಾನ್ಯರ ಮೇಜಿಗೆ ಎರಡು ಕೋರ್‌ಗಳು ಬಂದದ್ದು 2005ರಲ್ಲಿ, ಇಂಟೆಲಿನ ಪೆಂಟಿಯಂ ಡಿ ಮತ್ತು ಎಎಂಡಿಯ ಅಥ್ಲಾನ್ 64 ಎಕ್ಸ್2 ಮೂಲಕ. ಆಮೇಲಿನ ಕಥೆಯಲ್ಲಿ ಬೆಂಗಳೂರಿಗೆ ಹೆಮ್ಮೆಯ ಪಾಲಿದೆ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಜಿಯಾನ್ 7400 ಸರಣಿಯ ಚಿಪ್ಪು, ಡನಿಂಗ್‌ಟನ್ ಎಂಬ ಗುಟ್ಟಿನ ಹೆಸರಿನದು, ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. 45 ನ್ಯಾನೋಮೀಟರ್ ತಂತ್ರದಲ್ಲಿ 190 ಕೋಟಿ ಟ್ರಾನ್ಸಿಸ್ಟರುಗಳು, 6 ಕೋರ್‌ಗಳು. ಮನೆಯ ಕಂಪ್ಯೂಟರುಗಳು ಎರಡು, ನಾಲ್ಕು ಕೋರಿನಲ್ಲಿದ್ದ ಕಾಲದಲ್ಲಿ ಇಲ್ಲಿನ ಎಂಜಿನಿಯರುಗಳು ಆರನ್ನು ಒಂದೇ ತುಣುಕಿನಲ್ಲಿ ಕೂರಿಸಿದ್ದರು. ಅದು ಸರ್ವರುಗಳಿಗಾಗಿ ಮಾಡಿದ್ದು. ಮನೆಮಟ್ಟದ ದೊಡ್ಡ ಬದಲಾವಣೆಗೆ 2017ರವರೆಗೆ ಕಾಯಬೇಕಾಯಿತು. ಆ ವರ್ಷ ಎಎಂಡಿಯ ರೈಜನ್ 8 ಕೋರ್‌ಗಳನ್ನು ಸಾಮಾನ್ಯ ಬೆಲೆಗೆ ತಂದಿತು, ಅದೇ ವರ್ಷದ ಕೊನೆಗೆ ಇಂಟೆಲ್ ಕೂಡ ನಾಲ್ಕರಿಂದ ಆರಕ್ಕೆ ಏರಿತು. ಎಎಂಡಿ 2023ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ತೆರೆದ ಟೆಕ್ನೋಸ್ಟಾರ್ ಆವರಣ ಆ ಸಂಸ್ಥೆಯ ಅತಿ ದೊಡ್ಡ ವಿನ್ಯಾಸ ಕೇಂದ್ರ.

ಇಂಟೆಲಿನ 12ನೇ ತಲೆಮಾರಿನಿಂದ, ಎಂದರೆ 2021ರ ಕೊನೆಯಿಂದ, ಹಲವು ಪ್ರೊಸೆಸರುಗಳಲ್ಲಿ ಎರಡು ಜಾತಿಯ ಕೋರ್‌ಗಳಿವೆ: ವೇಗದವು ಮತ್ತು ಕಡಿಮೆ ವಿದ್ಯುತ್ತಿನವು. ಹಿಂದೆ ಸರಿದ ಕಿಟಕಿಗಳನ್ನು ವಿಂಡೋಸ್ 11 ಎರಡನೆಯ ಜಾತಿಗೆ ತಳ್ಳುವುದುಂಟು. ಸುಮ್ಮನೆ ಹಿಂಬಾಲಿಸುವ ಪಾತ್ರಕ್ಕೆ ಅಷ್ಟು ಸಾಕು, ಕಾದಾಡುವ ಪಾತ್ರಕ್ಕೆ ಸಾಲದು. ಕೊಳ್ಳುವಾಗ ‘14 ಕೋರ್’ ಎಂಬ ಹಲಗೆ ನೋಡಿ ಮರುಳಾಗದೆ ಅದರಲ್ಲಿ ವೇಗದ ಕೋರ್ ಎಷ್ಟು ಎಂದು ಕೇಳಬೇಕು. ಪ್ರೊಸೆಸರಿನೊಳಗಿನ ಮೂರನೇ ಹಂತದ ಕ್ಯಾಶ್ ಮೆಮೊರಿಯನ್ನು ಎಲ್ಲ ಪ್ರತಿಗಳೂ ಹಂಚಿಕೊಳ್ಳುವುದರಿಂದ ಅದರ ಗಾತ್ರಕ್ಕೂ ಬೆಲೆಯಿದೆ. 2022ರ ರೈಜನ್ 7 5800ಎಕ್ಸ್3ಡಿ ಆ ಕ್ಯಾಶನ್ನು 32ರಿಂದ 96 ಎಂಬಿಗೆ ಹಿಗ್ಗಿಸಿದ ಮೇಲೆ ಜನನಿಬಿಡ ಆನ್‌ಲೈನ್ ಆಟಗಳಲ್ಲಿ ಅದರ ಲಾಭ ಎದ್ದು ಕಂಡಿತು.

ಗ್ರಾಫಿಕ್ಸ್ ಕಾರ್ಡಿನಲ್ಲಿ ನೋಡಬೇಕಾದ್ದು ವೇಗಕ್ಕಿಂತ ಮೊದಲು ಅದರ ಸ್ವಂತ ಮೆಮೊರಿಯನ್ನು. ಚಿತ್ರಗಳ ಮೇಲ್ಮೈಯನ್ನು ಪ್ರತಿ ಪ್ರತಿಯೂ ಅಲ್ಲಿ ಪ್ರತ್ಯೇಕವಾಗಿ ಹರಡಿಕೊಳ್ಳುತ್ತದೆ. ಒಂದಕ್ಕೆ 2 ಜಿಬಿ ಹಿಡಿದರೂ ನಾಲ್ಕು ಪ್ರತಿಗೆ 8 ಜಿಬಿಯ ಕಾರ್ಡು ತುಂಬಿಹೋಗುತ್ತದೆ. ಉಳಿದದ್ದು ಯಂತ್ರದ ಸಾಮಾನ್ಯ ಮೆಮೊರಿಗೆ ಹರಿದು, ಅಲ್ಲಿಂದ ಮತ್ತೆ ಮತ್ತೆ ತರಬೇಕಾಗಿ ಚಿತ್ರ ಎಡವತೊಡಗುತ್ತದೆ. 2021ರ 12 ಜಿಬಿಯ ಆರ್‌ಟಿಎಕ್ಸ್ 3060ಕ್ಕಿಂತ 2023ರ 8 ಜಿಬಿಯ ಆರ್‌ಟಿಎಕ್ಸ್ 4060 ಒಂದೇ ಆಟದಲ್ಲಿ ವೇಗದ್ದು. ಹಲವು ಪ್ರತಿಗಳ ಕೆಲಸಕ್ಕೆ ಹಳೆಯದೇ ಎಷ್ಟೋ ಬಾರಿ ನೆಮ್ಮದಿ ಕೊಡುತ್ತದೆ.

ಕಾರ್ಡಿನ ಹೊರೆ ಇಳಿಸುವ ಒಳ್ಳೆಯ ಉಪಾಯಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ನಾಲ್ಕೂ ಪ್ರತಿಗಳು ಸೆಕೆಂಡಿಗೆ 60 ಚಿತ್ರ ಬಿಡಿಸಿದರೆ ಕಾರ್ಡಿಗೆ 240 ಚಿತ್ರಗಳ ಕೆಲಸ. ಮುಂದಿನ ಕಿಟಕಿಗೆ 60, ಹಿಂದಿನ ಮೂರಕ್ಕೆ ತಲಾ 15 ಎಂದು ಮಿತಿ ಹಾಕಿದರೆ ಅದು 105ಕ್ಕೆ ಇಳಿಯುತ್ತದೆ. ಹಿಂದಿನ ಕಿಟಕಿಗಳ ಗಾತ್ರ ಕುಗ್ಗಿಸಿ, ನೆರಳು, ನೀರಿನ ಹೊಳಪು ತೆಗೆದರೆ ಇನ್ನೂ ಹಗುರ. ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಿ ಹಿಂದಿರುವ ಕಿಟಕಿಯ ಚಿತ್ರಮಿತಿಗೆ ಸೆಟ್ಟಿಂಗೇ ಇದೆ. ಇದರಿಂದ ಪ್ರೊಸೆಸರಿನ ಕೆಲಸವೂ ಕಡಿಮೆಯಾಗಿ, ಕರೆಂಟು ಉಳಿದು, ಫ್ಯಾನಿನ ಸದ್ದು ತಗ್ಗುತ್ತದೆ. ಎರಡು ಕಾರ್ಡುಗಳನ್ನು ಒಂದಾಗಿ ಬೆಸೆಯುವ ಹಳೆಯ ಪದ್ಧತಿ ಇಲ್ಲಿ ಉಪಯೋಗಕ್ಕಿಲ್ಲ.

ಡಿಸ್ಕಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ: ತಿರುಗುವ ಹಾರ್ಡ್ ಡಿಸ್ಕ್ ಬೇಡ, ಎಸ್‌ಎಸ್‌ಡಿ ಬೇಕು. ನಾಲ್ಕು ಪ್ರತಿಗಳು ಒಮ್ಮೆಲೇ ಹೊಸ ನಕ್ಷೆ ತೆರೆಯುವಾಗ ಹಾರ್ಡ್ ಡಿಸ್ಕಿನ ಮುಳ್ಳು ಅತ್ತಿಂದಿತ್ತ ಓಡಾಡಿಯೇ ಸುಸ್ತಾಗುತ್ತದೆ. ಸೆಕೆಂಡಿಗೆ ಸುಮಾರು 550 ಎಂಬಿ ಓದುವ ಸಾಟಾ ಎಸ್‌ಎಸ್‌ಡಿಯೂ ಈ ಕೆಲಸಕ್ಕೆ ಸಾಕು. ಆಟವನ್ನು ನಾಲ್ಕು ಸಲ ಇನ್‌ಸ್ಟಾಲ್ ಮಾಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಒಂದೇ ಕಡತಕೋಶದಿಂದ ಎಲ್ಲ ಪ್ರತಿಗಳೂ ತೆರೆದುಕೊಳ್ಳುತ್ತವೆ, ಮೊದಲ ಪ್ರತಿ ಓದಿದ ಕಡತಗಳನ್ನು ವಿಂಡೋಸ್ ನೆನಪಿನಲ್ಲಿ ಇಟ್ಟುಕೊಳ್ಳುವುದರಿಂದ ಎರಡನೆಯದು ಬೇಗ ತೆರೆಯುತ್ತದೆ, ಅಪ್‌ಡೇಟ್ ಬಂದಾಗ ಡೇಟಾ ಒಮ್ಮೆ ಮಾತ್ರ ಖರ್ಚಾಗುತ್ತದೆ.

ಇಂಟರ್‌ನೆಟ್ಟಿನ ವೇಗದ ಬಗ್ಗೆ ಇರುವ ಭಯ ಅನಗತ್ಯ. ಆಟದ ಒಂದು ಪ್ರತಿ ಓಡಾಟಕ್ಕೆ ಬಳಸುವ ಡೇಟಾ ಒಂದು ವಿಡಿಯೊ ನೋಡುವುದಕ್ಕಿಂತ ಬಹಳ ಕಡಿಮೆ. ಸಾಧಾರಣ ಫೈಬರ್ ಸಂಪರ್ಕದಲ್ಲಿ ಹತ್ತು ಪ್ರತಿ ನಡೆಯುತ್ತವೆ. ತೊಂದರೆ ಕೊಡುವುದು ಆಟದ ಸರ್ವರಿನ ದೂರ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಕುಂದಾಪುರದ ಸೀಮೆಯಿಂದ ಸಿಂಗಪುರಕ್ಕೆ ನೇರ ದೂರ ಸುಮಾರು 3,500 ಕಿ.ಮೀ.; ಹೋಗಿ ಬರಲು ಏನಿಲ್ಲವೆಂದರೂ 35 ಮಿಲಿಸೆಕೆಂಡ್ ಬೇಕು. ಈವ್ ಆನ್‌ಲೈನಿನ ಸರ್ವರ್ ಇರುವ ಲಂಡನ್ನಿಗೆ ಸುಮಾರು 7,800 ಕಿ.ಮೀ., ಎಂದರೆ 78 ಮಿಲಿಸೆಕೆಂಡ್. ಕೇಬಲ್ಲು ನೇರ ಹಾದಿಯಲ್ಲಿ ಹೋಗುವುದಿಲ್ಲವಾದ್ದರಿಂದ ನಿಜದ ಪಿಂಗ್ ಇದಕ್ಕಿಂತ ಸಾಕಷ್ಟು ಹೆಚ್ಚು. ಎಂಥ ಯಂತ್ರ ಕೊಂಡರೂ ಈ ಅಂಕಿ ಬದಲಾಗದು. ಯಂತ್ರದಿಂದ ಮೋಡೆಮಿಗೆ ವೈಫೈ ಬದಲು ಲ್ಯಾನ್ ಕೇಬಲ್ ಎಳೆದರೆ ಮನೆಯೊಳಗಿನ ಏರಿಳಿತ ತಪ್ಪುತ್ತದೆ. ಮಾಡಬಹುದಾದ್ದು ಅಷ್ಟೆ.

ಕರೆಂಟಿನ ವಿಷಯಕ್ಕೆ ಬಂದರೆ ಊರು ಮುಖ್ಯವಾಗುತ್ತದೆ. ಇದೇ ಕುಂದಾಪುರ ಸೀಮೆಯ ಹೊಸಂಗಡಿಯಲ್ಲಿ ನೆಲದಡಿಯ ವಾರಾಹಿ ವಿದ್ಯುದಾಗಾರವಿದೆ. ತಲಾ 115 ಮೆಗಾವ್ಯಾಟಿನ ನಾಲ್ಕು ಘಟಕಗಳು, ಒಟ್ಟು 460 ಮೆಗಾವ್ಯಾಟ್. ಆ ವಿದ್ಯುತ್ತು ಸೇರುವುದು ರಾಜ್ಯದ ಗ್ರಿಡ್ಡನ್ನು. ಹಳ್ಳಿಮನೆಗೆ ಬರುವ ಮೆಸ್ಕಾಂ ತಂತಿ ಕಾಡು, ಅಡಿಕೆ ತೋಟ ದಾಟಿ ಬರಬೇಕು. ಮಳೆಗಾಲದಲ್ಲಿ ಅದರ ಮೇಲೆ ಮರದ ಕೊಂಬೆ ಬೀಳುತ್ತದೆ. ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಓಡುವ ಹೊತ್ತಿಗೆ ವೋಲ್ಟೇಜು ಇಳಿಯುತ್ತದೆ. ಆದ್ದರಿಂದ ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ 100ರಿಂದ 240 ವೋಲ್ಟಿನವರೆಗೆ ತಾಳಿಕೊಳ್ಳುವ ಒಳ್ಳೆಯ ಕಂಪನಿಯದ್ದಾಗಿರಬೇಕು. ನಾಲ್ಕು ಪ್ರತಿಗಳ ಯಂತ್ರಕ್ಕೆ 550 ಅಥವಾ 650 ವ್ಯಾಟಿನದು ಸಾಕು.

ಇಂಥ ಯಂತ್ರ ಮಾನಿಟರ್ ಸೇರಿ 300 ವ್ಯಾಟ್ ಎಳೆಯುತ್ತದೆ ಎಂದುಕೊಂಡರೆ ದಿನಕ್ಕೆ ನಾಲ್ಕು ಗಂಟೆ ಆಟಕ್ಕೆ 1.2 ಯೂನಿಟ್, ತಿಂಗಳಿಗೆ 36 ಯೂನಿಟ್. 2023ರ ಜುಲೈ ಬಳಕೆಯಿಂದ ಜಾರಿಯಾದ ಗೃಹಜ್ಯೋತಿ ಯೋಜನೆಯ ಮನೆಗಳಲ್ಲಿ ಈ ಅಂಕಿ ಚಿಕ್ಕದಲ್ಲ. 2022–23ರ ತಿಂಗಳ ಸರಾಸರಿ ಬಳಕೆಗೆ ಅಲ್ಪ ಹೆಚ್ಚುವರಿ ಸೇರಿಸಿದಷ್ಟು ಯೂನಿಟ್ ಮಾತ್ರ ಉಚಿತ. ಆಟದ ಯಂತ್ರ ಬಂದರೆ ಆ ಗೆರೆ ದಾಟಿ ಹೆಚ್ಚಿನದ್ದಕ್ಕೆ ಹಣ ಕಟ್ಟಬೇಕಾಗುತ್ತದೆ. ಒಟ್ಟು ಬಳಕೆ 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಮನೆಯವರದೇ. ಹಿಂದಿನ ಕಿಟಕಿಗಳ ಚಿತ್ರಮಿತಿ ಇಳಿಸುವುದು ಇಲ್ಲಿಯೂ ನೆರವಿಗೆ ಬರುತ್ತದೆ.

ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ನಿಜದಲ್ಲಿ ಕೊಡುವುದು ಸುಮಾರು 360 ವ್ಯಾಟ್, ಅದೂ ಕೆಲವೇ ನಿಮಿಷ. ಪಾತ್ರಗಳನ್ನು ಸುರಕ್ಷಿತ ಜಾಗಕ್ಕೆ ಒಯ್ದು ಯಂತ್ರ ಆರಿಸಲು ಅಷ್ಟು ಹೊತ್ತು ಸಾಕು. ಮೋಡೆಮಿಗೂ ಆ ರಕ್ಷಣೆ ಇರಬೇಕು, ಇಲ್ಲವಾದರೆ ಯಂತ್ರ ಉಳಿದರೂ ಸಂಪರ್ಕ ಕಡಿಯುತ್ತದೆ. ಕರಾವಳಿಯ ಬಹಳಷ್ಟು ಮನೆಗಳಲ್ಲಿ ಈಗಾಗಲೇ ಇನ್ವರ್ಟರ್ ಇದೆ. ಅದು ಶುದ್ಧ ಸೈನ್ ತರಂಗದ್ದಾಗಿದ್ದು ಯುಪಿಎಸ್ ಮೋಡಿನಲ್ಲಿದ್ದರೆ ಕಂಪ್ಯೂಟರನ್ನೂ ಹೊರಬಲ್ಲದು. ಪೂರ್ಣ ಹೊರೆಯಲ್ಲಿರುವ ಎಸ್‌ಎಂಪಿಎಸ್ ಕರೆಂಟಿಲ್ಲದೆ ಉಸಿರು ಹಿಡಿಯುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಇನ್ವರ್ಟರ್ ಬದಲಾಗಲು ಅದಕ್ಕಿಂತ ತಡವಾದರೆ ಯಂತ್ರ ರೀಸ್ಟಾರ್ಟ್ ಆಗುತ್ತದೆ. ನೆರೆಯ ಅಮಾಸೆಬೈಲಿನ ಮನೆಗಳಲ್ಲಿ ಬೆಳಗುವಂಥ ಸೌರದೀಪದ ವ್ಯವಸ್ಥೆಗಳು ದೀಪಕ್ಕೆ ತಕ್ಕವು, 300 ವ್ಯಾಟಿನ ಯಂತ್ರಕ್ಕಲ್ಲ.

ಸಿಡಿಲನ್ನು ಯುಪಿಎಸ್ ತಡೆಯುವುದಿಲ್ಲ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ಸಂಜೆಗಳು ಮತ್ತು ಅಕ್ಟೋಬರಿನ ಮಧ್ಯಾಹ್ನಗಳು ಈ ಭಾಗದಲ್ಲಿ ಯಂತ್ರಗಳಿಗೆ ಅತಿ ಅಪಾಯದ ಹೊತ್ತು. ಕೆಂಪುಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಅರ್ಥ್ ಗುಂಡಿಗೆ ನೀರು ಹುಯ್ಯುವ ರೂಢಿ ಇರುವುದು ಅದಕ್ಕೇ. ಮೊದಲ ಗುಡುಗಿಗೇ ಪ್ಲಗ್ ಎಳೆದುಬಿಡುವ ಇಲ್ಲಿನ ಹಿರಿಯರ ಅಭ್ಯಾಸಕ್ಕಿಂತ ಒಳ್ಳೆಯ ರಕ್ಷಣೆ ಇನ್ನೊಂದಿಲ್ಲ. ಫೈಬರಿನ ಗಾಜು ವಿದ್ಯುತ್ತನ್ನು ಒಯ್ಯದು, ಆದರೆ ಮೋಡೆಮಿನ ಅಡಾಪ್ಟರೂ ಲ್ಯಾನ್ ಕೇಬಲ್ಲೂ ಒಯ್ಯುತ್ತವೆ. ಪ್ಲಗ್ಗಿನ ಜೊತೆಗೆ ಅವನ್ನೂ ಬಿಡಿಸಬೇಕು.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯಲ್ಲೇ ನೀರಿರುತ್ತದೆ. ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಆ ತಿಂಗಳುಗಳಲ್ಲಿ ರ್‍ಯಾಮಿನ ಅಂಚು, ಕಾರ್ಡಿನ ತುದಿ, ಫ್ಯಾನಿನ ತಿರುಪುಗಳಿಗೂ ಕಿಲುಬು ಕೂರುತ್ತದೆ. ನಾಲ್ಕು ರ್‍ಯಾಮ್ ಪಟ್ಟಿಗಳಿರುವ ಯಂತ್ರದಲ್ಲಿ ಇಂಥ ದೋಷ ಬರುವ ಜಾಗಗಳೂ ಹೆಚ್ಚು. ಮಳೆಗಾಲದಲ್ಲಿ ಆನ್ ಆಗದ ಕಂಪ್ಯೂಟರನ್ನು ರಿಪೇರಿಯವರು ರ್‍ಯಾಮ್ ತೆಗೆದು ರಬ್ಬರಿನಿಂದ ತಿಕ್ಕಿ ಸರಿಮಾಡುವುದು ಇದೇ ಕಾರಣಕ್ಕೆ. ಓಡುವ ಯಂತ್ರದ ಒಳಗು ತನ್ನ ಬಿಸಿಗೆ ಒಣಗಿರುತ್ತದೆ. ವಾರಗಟ್ಟಲೆ ಮುಚ್ಚಿಟ್ಟದ್ದೇ ಬೇಗ ಕೆಡುತ್ತದೆ. ಹಾಗಾಗಿ ಆಟ ಇಲ್ಲದ ದಿನವೂ ಅರ್ಧ ಗಂಟೆ ಓಡಿಸುವುದು ಮೇಲು. ಯಂತ್ರವನ್ನು ಹೊರಗೋಡೆಗೆ ಒತ್ತಿ ಇಡಬಾರದು. ಗಾಳಿತೂತುಗಳಿಗೆ ಸಣ್ಣ ಬಲೆ ಹಾಕಿದರೆ ಇರುವೆ, ಹಲ್ಲಿ ಒಳಹೋಗುವುದು ತಪ್ಪುತ್ತದೆ. ಬೆಚ್ಚಗಿನ ಎಸ್‌ಎಂಪಿಎಸ್‌ನೊಳಗೆ ಹಲ್ಲಿ ಹೊಕ್ಕು ಶಾರ್ಟ್ ಆಗುವುದು ಅಪರೂಪವೇನಲ್ಲ.

ಹೊಸ ಭಾಗಗಳ ಬೆಲೆ ನೋಡಿ ಹಿಂದೆ ಸರಿಯುವವರಿಗೆ ಬಳಸಿದ ಯಂತ್ರಗಳ ದಾರಿ ಇದೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಕಂಪನಿಗಳು ಮಾರಿದ ಆಫೀಸ್ ಕಂಪ್ಯೂಟರುಗಳು ಸಿಗುತ್ತವೆ. ಹಳೆಯ ಕಾಲದ ಆಟದ ಎರಡು ಮೂರು ಪ್ರತಿಗಳಿಗೆ 6 ಕೋರಿನ ಅಂಥ ಯಂತ್ರಕ್ಕೆ ರ್‍ಯಾಮ್ ಹೆಚ್ಚಿಸಿ ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಸೇರಿಸಿದರೆ ಸಾಕು. ಕಾರ್ಡು ಅದರ ಕಿರಿದಾದ ಪೆಟ್ಟಿಗೆಯೊಳಗೆ ಹಿಡಿಯುತ್ತದೆಯೇ ಎಂಬುದನ್ನು ಮಾತ್ರ ಮೊದಲೇ ಅಳೆಯಬೇಕು. ಬಳಸಿದ ಜಿಯಾನ್ ವರ್ಕ್‌ಸ್ಟೇಷನ್ನುಗಳೂ ಕಡಿಮೆ ಬೆಲೆಗೆ ಹೆಚ್ಚು ಕೋರ್ ಕೊಡುತ್ತವೆ. ಅವುಗಳಲ್ಲಿ ಹಲವಕ್ಕೆ ಒಂದೊಂದು ಕೋರಿನ ವೇಗ ಕಡಿಮೆ, ಆದ್ದರಿಂದ ಪ್ರತಿಗಳು ಅನೇಕ ಓಡಿದರೂ ಎಲ್ಲವೂ ನಿಧಾನ. ರ್‍ಯಾಮ್, ಪ್ರೊಸೆಸರ್‌ಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ಅಪಾಯ ಕಡಿಮೆ. ಗ್ರಾಫಿಕ್ಸ್ ಕಾರ್ಡನ್ನು ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ ನೋಡಿ ಕೊಳ್ಳಬೇಕು. ಎಸ್‌ಎಂಪಿಎಸ್ ಮತ್ತು ಯುಪಿಎಸ್ ಬ್ಯಾಟರಿಗಳನ್ನು ಮಾತ್ರ ಹಳೆಯದು ತರಬಾರದು. ಅವುಗಳ ಒಳಗಿನ ಸವೆತ ಹೊರಗೆ ಕಾಣುವುದಿಲ್ಲ, ಕೆಟ್ಟಾಗ ಉಳಿದ ಭಾಗಗಳನ್ನೂ ಜೊತೆಗೆ ಸುಡಬಹುದು.